ಕಲ್ಲು ಬೇಕಾ, ಮಣ್ಣು ಬೇಕಾ

ಆಗಸ್ಟ್ 7, ಸೋಮವಾರ

ಕಾಲಿಗೆ ಪ್ಲಾಸ್ಟರು ಬಿದ್ದಿದೆ, ಕೈಗೆ ಕೆಲಸವಿಲ್ಲ. ಇಷ್ಟು ವರ್ಷ ಸ್ಟಿಯರಿಂಗ್ ಹಿಡಿದ ಕೈ ಸುಮ್ಮನಿರಲು ಒಪ್ಪುತ್ತಿಲ್ಲ, ಅದಕ್ಕೇ ಪೆನ್ನು ಹಿಡಿದಿದ್ದೇನೆ. ಓದುವವರು ಯಾರೂ ಇಲ್ಲ, ಹಾಗಾಗಿ ಅಕ್ಷರ ಸೊಟ್ಟಗಿದ್ದರೂ ನಡೆಯುತ್ತದೆ.

ನಿನ್ನೆ ಆಸ್ಪತ್ರೆಯಿಂದ ಬಂದೆ. ನಮ್ಮ ಬಸ್ಸಿನ ಕಂಡಕ್ಟರು ಮತ್ತು ಡಿಪೋದ ಇಬ್ಬರು ಸೇರಿ ನನ್ನನ್ನು ಅಕ್ಕಿಮೂಟೆಯ ಹಾಗೆ ಎತ್ತಿ ತಂದು ಮಂಚದ ಮೇಲೆ ಇಳಿಸಿದರು. ಅಕ್ಕ ಮೊದಲೇ ಬಂದು ಮನೆ ಗುಡಿಸಿಟ್ಟಿದ್ದಳು. ಎಂಟು ದಿನ ಇದ್ದು ಹೋಗುತ್ತೇನೆ ಎಂದು ಬಾಯಲ್ಲಿ ಹೇಳುತ್ತಾಳೆ, ಆದರೆ ಹೊಲಿಗೆ ಯಂತ್ರವನ್ನೂ ಹೊರಿಸಿಕೊಂಡು ಬಂದಿದ್ದಾಳೆ. ಹೆಂಡತಿ ಮಕ್ಕಳು ಎಂಬ ತಾಪತ್ರಯವಿಲ್ಲದ ನನ್ನ ಎರಡು ಕೋಣೆಯ ಮನೆಯಲ್ಲಿ ಈಗ ಅವಳದೇ ದರ್ಬಾರು.

ನಡೆದದ್ದನ್ನು ಒಂದು ಸಲ ಬರೆದು ಮುಗಿಸಿಬಿಡುತ್ತೇನೆ. ಬೆಳಗಿನ ಟ್ರಿಪ್ಪು, ಬಸ್ಸಿನ ತುಂಬ ಜನ. ಶಾಲೆಯ ಪಕ್ಕದ ಓಣಿಯಿಂದ ಒಬ್ಬ ಹುಡುಗ ಓಡಿಬಂದ, ಅವನನ್ನು ಮುಟ್ಟಲು ಹಿಂದೆ ಇನ್ನೊಬ್ಬ. ಮುಟ್ಟಾಟ. ಮುಂದಿದ್ದವನು ಕತ್ತು ತಿರುಗಿಸಿ ಹಿಂದಿನವನನ್ನು ನೋಡುತ್ತ ನಗುತ್ತಿದ್ದ. ನಾನು ಬ್ರೇಕು ಒತ್ತಿ ಪಕ್ಕಕ್ಕೆ ಎಳೆದೆ. ಬಸ್ಸು ಗೋಡೆಗೆ ಗುದ್ದಿತು, ಮುಂದಿನ ತಗಡು ಒಳಗೆ ನುಗ್ಗಿ ನನ್ನ ಬಲಗಾಲನ್ನು ಹಿಡಿದುಕೊಂಡಿತು. ಹುಡುಗನಿಗೆ ಒಂದು ಗೀರೂ ಆಗಲಿಲ್ಲ. ಪ್ರಯಾಣಿಕರಿಗೆ ಅಷ್ಟಿಷ್ಟು ತರಚು ಗಾಯ. ವಿಚಾರಣೆಯಲ್ಲಿ ಡ್ರೈವರನ ತಪ್ಪಿಲ್ಲ ಎಂದರು, ಎಲ್ಲರೂ ಬೆನ್ನು ತಟ್ಟಿದರು. ಆದರೆ ಕಣ್ಣು ಮುಚ್ಚಿದರೆ ಆ ನಗುವ ಮುಖವೇ ಬರುತ್ತದೆ. ಅವನಿಗೆ ಬಸ್ಸು ಕಾಣಿಸಿಯೇ ಇರಲಿಲ್ಲ.

ಡಿಪೋ ಮ್ಯಾನೇಜರ್ ಮೇಡಂ ಆಸ್ಪತ್ರೆಗೆ ಬಂದಾಗ ಹೇಳಿಬಿಟ್ಟೆ, ನನಗೆ ಇನ್ನು ಸ್ಟಿಯರಿಂಗ್ ಬೇಡ, ಟೈಂಕೀಪರನ ಕುರ್ಚಿ ಕೊಡಿ ಎಂದು. ಈಗಿರುವವರು ವರ್ಷದ ಕೊನೆಗೆ ನಿವೃತ್ತರಾಗುತ್ತಾರಂತೆ. ರಜೆ ಮುಗಿಯುವುದರೊಳಗೆ ಗಟ್ಟಿ ಮಾಡಿ ಹೇಳಿ, ಆಮೇಲೆ ಮನಸ್ಸು ಬದಲಾಯಿಸುವ ಹಾಗಿಲ್ಲ ಎಂದರು. ನಾನು ಆಗಲೇ ಗಟ್ಟಿ ಮಾಡಿಯಾಗಿದೆ.

ಆಗಸ್ಟ್ 9, ಬುಧವಾರ

ಸಂಜೆಯಾದರೆ ಓಣಿಯಲ್ಲಿ ಮಕ್ಕಳ ಕಾಟ. ಇಷ್ಟು ವರ್ಷ ಇದೇ ಮನೆಯಲ್ಲಿದ್ದೇನೆ, ಮಕ್ಕಳು ಆಡುತ್ತಾರೆ ಎಂದೇ ಗೊತ್ತಿರಲಿಲ್ಲ. ಆ ಹೊತ್ತಿಗೆ ನಾನು ಎಂದೂ ಮನೆಯಲ್ಲಿ ಇದ್ದವನಲ್ಲ.

ಓಡುವ ಕಾಲಿನ ಸದ್ದು ಕೇಳಿದರೆ ಪ್ಲಾಸ್ಟರಿನೊಳಗೆ ಪಾದ ತಾನಾಗಿಯೇ ಬ್ರೇಕು ಒತ್ತುತ್ತದೆ, ಜೀವ ಹೋಗುವಷ್ಟು ನೋವು. ಕಿಟಕಿ ಮುಚ್ಚು ಎಂದೆ. ಈ ಸೆಕೆಯಲ್ಲಾ ಎಂದು ಅಕ್ಕ ಕೇಳಿದಳು. ಮುಚ್ಚು ಎಂದರೆ ಮುಚ್ಚು ಎಂದು ರೇಗಿದೆ. ಅವಳು ಮುಚ್ಚಿ, ಯಂತ್ರದ ಮುಂದೆ ಕೂತು ಬೆವರು ಒರೆಸಿಕೊಳ್ಳುತ್ತ ಹೊಲಿದಳು. ನನಗೆ ಪಾಪ ಅನ್ನಿಸಿತು, ಹೇಳಲಿಲ್ಲ.

ಆಗಸ್ಟ್ 13, ಭಾನುವಾರ

ಕಂಡಕ್ಟರು ಬಂದಿದ್ದ. ನನ್ನ ಜಾಗಕ್ಕೆ ಬಂದಿರುವ ಹೊಸ ಡ್ರೈವರು ಕ್ಲಚ್ಚು ಬಿಡುವ ರೀತಿಗೆ ಅರ್ಧ ಬಸ್ಸಿನ ಜನ ಇನ್ನರ್ಧದವರ ಮಡಿಲಲ್ಲಿ ಕೂರುತ್ತಾರಂತೆ. ಅವನ ಮಾತಿಗೆ ನಗದೇ ಇರುವುದು ಕಷ್ಟ. ಹೊರಡುವಾಗ, ಬೇಗ ಬಾ ಗುರುವೇ ಎಂದ. ಟೈಂಕೀಪರನ ವಿಷಯ ಅವನಿಗೆ ಇನ್ನೂ ಹೇಳಿಲ್ಲ. ಅಕ್ಕನಿಗೂ ಹೇಳಿಲ್ಲ.

ಅವನು ಹೋಗುವಾಗ ಬಾಗಿಲು ತೆರೆದಿಟ್ಟೇ ಹೋದ. ಹೊರಗೆ ಮಕ್ಕಳ ಜಗಳ. ಮುಟ್ಟಿದೆ, ಇಲ್ಲ ಮುಟ್ಟಿಲ್ಲ, ಬಟ್ಟೆಗೆ ತಾಗಿದ್ದು ಲೆಕ್ಕಕ್ಕಿಲ್ಲ. ಅದೊಂದೇ ಆಟ ಅವರಿಗೆ ಗೊತ್ತಿರುವುದು, ಬೆನ್ನಟ್ಟುವುದು, ಮುಟ್ಟುವುದು, ಜಗಳವಾಡುವುದು. ಅಕ್ಕ ಸೂಜಿಗೆ ದಾರ ಪೋಣಿಸುತ್ತ, "ಅಯ್ಯೋ, ಆಟ ಆಡೋಕೇ ಬರಲ್ಲ ಇವಕ್ಕೆ" ಎಂದಳು. ಯಾರಾದರೂ ಅಡುಗೆ ಕೆಡಿಸಿದಾಗ ಅವಳು ಹೀಗೇ ನೊಂದುಕೊಳ್ಳುವುದು.

ಆಗಸ್ಟ್ 20, ಭಾನುವಾರ

ಅಕ್ಕ ಇವತ್ತು ಓಣಿಗೆ ಇಳಿದು ಮಕ್ಕಳಿಗೆ ಕಲ್ಲು-ಮಣ್ಣು ಹೇಳಿಕೊಟ್ಟಳು. ಅವರು ಅವಳನ್ನು ಟೈಲರ್ ಅಜ್ಜಿ ಎಂದರು, ಅಜ್ಜಿ ಅಂದರೆ ಹೇಳಿಕೊಡುವುದಿಲ್ಲ, ಅತ್ತೆ ಅನ್ನಿ ಎಂದು ಮೊದಲು ಅದನ್ನು ತಿದ್ದಿದಳು. ನಾನು ಮುಚ್ಚಿದ ಕಿಟಕಿಯ ಹಿಂದೆ ಮಲಗಿ ಎಲ್ಲ ಕೇಳಿಸಿಕೊಂಡೆ. ಕೇಳಿಸಿಕೊಳ್ಳಬಾರದು ಎಂದುಕೊಂಡರೂ ಕಿವಿಗೆ ಮುಚ್ಚಳವಿಲ್ಲವಲ್ಲ.

ಒಬ್ಬ ಔಟು. ಉಳಿದವರೆಲ್ಲ ಅವನ ಸುತ್ತ ನಿಂತು, ಕಲ್ಲು ಬೇಕಾ, ಮಣ್ಣು ಬೇಕಾ ಎಂದು ಒಟ್ಟಿಗೆ ಕೇಳಬೇಕು. ಅವನು ಮಣ್ಣು ಎಂದರೆ ಮಣ್ಣೆಲ್ಲ ಅವನದು, ಕಲ್ಲು ಉಳಿದವರದು. ಕಲ್ಲಿನ ಮೇಲಿದ್ದವರನ್ನು ಅವನು ಮುಟ್ಟುವಂತಿಲ್ಲ. ಮಣ್ಣಿಗೆ ಕಾಲಿಟ್ಟವರನ್ನು ಮುಟ್ಟಿದರೆ ಅವರು ಔಟು. ಕಲ್ಲು ಎಂದರೆ ಎಲ್ಲ ತಿರುವುಮುರುವು. ಹೇಳಲು ಇಷ್ಟೇ. ಆದರೆ ಬೇಕೆಂದೇ ಅವನ ಮಣ್ಣಿಗೆ ಇಳಿದು, "ನಿನ್ನ ಮಣ್ಣಲ್ಲಿದೀನಿ, ಏನ್ ಮಾಡ್ತೀಯ" ಎಂದು ಅಣಕಿಸಿ, ಅವನ ಬೆರಳ ತುದಿ ತಾಗುವಷ್ಟರಲ್ಲಿ ಕಲ್ಲಿಗೆ ಹಾರುವುದಿದೆಯಲ್ಲ, ಅದೇ ಆಟ.

ನಾವು ಆಡುತ್ತಿದ್ದದ್ದು ರೈಲು ಸ್ಟೇಷನ್ನಿನ ಗೂಡ್ಸ್ ಶೆಡ್ಡಿನ ಅಂಗಳದಲ್ಲಿ. ಅಪ್ಪ ಅಲ್ಲಿ ಗುಮಾಸ್ತ. ಅರ್ಧ ಅಂಗಳಕ್ಕೆ ಹಾಸುಗಲ್ಲು, ಅರ್ಧ ಬರೀ ಮಣ್ಣು, ಆಟಕ್ಕೆಂದೇ ಯಾರೋ ಮಾಡಿಸಿಟ್ಟಂತೆ. ಮಧ್ಯಾಹ್ನದ ಬಿಸಿಲು ಕುಡಿದ ಕಲ್ಲು ಸಂಜೆಯವರೆಗೂ ಅಂಗಾಲು ಸುಡುತ್ತಿತ್ತು, ಮಣ್ಣು ತಂಪು. ಸುಡುವ ಕಡೆ ಕ್ಷೇಮ, ತಂಪಿರುವ ಕಡೆ ಅಪಾಯ. ಅಕ್ಕ ಎಲ್ಲರಿಗಿಂತ ಜೋರು. ಒಂದು ಹೆಬ್ಬೆರಳು ಕಲ್ಲಿನ ಮೇಲೆ, ಉಳಿದ ಮೈಯೆಲ್ಲ ಮಣ್ಣಿನ ಕಡೆಗೆ ಬಗ್ಗಿಸಿ ನಿಲ್ಲುತ್ತಿದ್ದಳು. ಅವಳನ್ನು ಔಟು ಮಾಡಿದವನು ವಾರವಿಡೀ ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದ. ನಾನು ಆಟಕ್ಕುಂಟು ಲೆಕ್ಕಕ್ಕಿಲ್ಲ. ಸಣ್ಣವನು, ಮುಟ್ಟಿದರೂ ಔಟಾಗದವನು. ಯಾರಾದರೂ ಒಂದು ಸಲ ನನ್ನನ್ನು ನಿಜವಾಗಿ ಔಟು ಮಾಡಲಿ ಎಂದು ಎಷ್ಟು ಆಸೆಪಟ್ಟಿದ್ದೆ!

ಬರೆಯುತ್ತ ಬರೆಯುತ್ತ ಕತ್ತಲಾಯಿತು. ಅಕ್ಕ ದೀಪ ಹಾಕಿ, ಏನು ರಾಮಾಯಣ ಬರೀತಿದೀಯ ಎಂದು ಕೇಳಿ ಹೋದಳು.

ಆಗಸ್ಟ್ 21, ಸೋಮವಾರ

ಇವತ್ತು ನಾನೇ ಕಿಟಕಿ ತೆರೆದೆ. ಸೆಕೆಗಲ್ಲ, ಕೋಪಕ್ಕೆ. ಬಾಗಿಲ ಪಕ್ಕ ನನ್ನ ಎರಡು ಹೂಕುಂಡಗಳಿವೆ. ಒಂದರಲ್ಲಿ ಒಣಗಿದ ಗುಲಾಬಿ, ಇನ್ನೊಂದರಲ್ಲಿ ಒಣಗುತ್ತಿರುವ ಗುಲಾಬಿ. ಆ ಎರಡು ಕುಂಡಗಳ ಒಳಗೆ ಓಣಿಯ ಅಷ್ಟೂ ಮಕ್ಕಳು ಒಂಟಿಕಾಲಲ್ಲಿ ನಿಂತು ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದರು.

ವಿಚಾರಿಸಿದರೆ ತಪ್ಪು ಅವರದಲ್ಲ. ಎದುರುಮನೆಯ ನರ್ಸಮ್ಮನ ದೊಡ್ಡ ಮಗಳು ಗುಂಗುರು ಔಟಾಗಿದ್ದಳು. ಗುಂಗುರು ಎಂದರೆ ಅವಳ ಕೂದಲಿಗೆ ನಾನಿಟ್ಟ ಹೆಸರು. ಅವಳು ಕಲ್ಲು ಬೇಕು ಎಂದಳು. ಈ ಓಣಿ ಈ ತುದಿಯಿಂದ ಆ ತುದಿಯವರೆಗೆ ಸಿಮೆಂಟು. ಅವಳದೇ ಸಾಮ್ರಾಜ್ಯ. ಉಳಿದವರಿಗೆ ಮಣ್ಣು ಬೇಕಲ್ಲ, ಓಣಿಯಲ್ಲಿ ಮಣ್ಣು ಇರುವುದೇ ನನ್ನ ಕುಂಡದಲ್ಲಿ.

ಬೈಯಬೇಕೆಂದು ಬಾಯಿ ತೆರೆದವನಿಗೆ ನಗು ಬಂತು. ಅಕ್ಕ ಒಳಗೆ ಬಾಯಿಗೆ ಬಟ್ಟೆ ಅಡ್ಡ ಹಿಡಿದು ನಗುತ್ತಿದ್ದಳು. ಇದಕ್ಕೊಂದು ಕಾನೂನು ಮಾಡದಿದ್ದರೆ ನನ್ನ ಗುಲಾಬಿ ಉಳಿಯುವುದಿಲ್ಲ ಎಂದುಕೊಂಡು, ಓಣಿಯ ಸಿಮೆಂಟು ಮಣ್ಣು, ಮೆಟ್ಟಿಲು ಮತ್ತು ಚರಂಡಿಯ ಮೇಲಿನ ಚಪ್ಪಡಿ ಕಲ್ಲು ಎಂದು ಕಿಟಕಿಯಿಂದಲೇ ಸಾರಿದೆ. ಅಲ್ಲೊಬ್ಬ ಸೋಡಾಬುಡ್ಡಿ ಕನ್ನಡಕದವನಿದ್ದಾನೆ, ಮುಂದೆ ಖಂಡಿತ ವಕೀಲನಾಗುತ್ತಾನೆ. ಸಿಮೆಂಟು ಗಟ್ಟಿಯಲ್ಲವಾ, ಅದು ಹೇಗೆ ಮಣ್ಣು ಎಂದು ಕೇಳಿದ. ಹಾಕುವಾಗ ಹೇಗಿತ್ತು ಎಂದು ನಾನು ಕೇಳಿದೆ. ಕೆಸರಿನ ಹಾಗೆ ಎಂದ. ಕಲಸಿ ಹಾಕಿದ್ದೆಲ್ಲ ಮಣ್ಣು ಎಂದೆ. ಅವನು ಕನ್ನಡಕ ಮೇಲೇರಿಸಿ ಯೋಚಿಸಿ ಒಪ್ಪಿದ.

ಆಗಸ್ಟ್ 22, ಮಂಗಳವಾರ

ಕಾಲು ತುರಿಸುತ್ತದೆ. ಅಕ್ಕ ಹೆಣಿಗೆ ಕಡ್ಡಿ ಕೊಟ್ಟಳು. ಸ್ವರ್ಗ.

ಆಗಸ್ಟ್ 26, ಶನಿವಾರ

ಅಕ್ಕ ಕುರ್ಚಿಯನ್ನು ಬಾಗಿಲ ಹೊರಗೆ ಹಾಕಿದಳು. ಕಾಲಿಡಲು ಮುಂದೊಂದು ಸ್ಟೂಲು. ಕಿಟಕಿಯಿಂದ ಕಿರುಚಿ ಕಿರುಚಿ ನ್ಯಾಯ ಹೇಳುವುದಕ್ಕಿಂತ ಇಲ್ಲಿ ಕೂತು ಹೇಳು, ನನ್ನ ತಲೆನೋವಾದರೂ ತಪ್ಪುತ್ತದೆ ಎಂಬುದು ಅವಳ ವಾದ. ದಿನಕ್ಕೆ ಹತ್ತು ವ್ಯಾಜ್ಯ ಬರುತ್ತವೆ. ಅರ್ಧ ಪಾದ ಕಲ್ಲಲ್ಲಿ ಅರ್ಧ ಮಣ್ಣಲ್ಲಿದ್ದರೆ? ಚಪ್ಪಲಿ ಕಲ್ಲಲ್ಲಿ ಬಿದ್ದು ಕಾಲು ಮಣ್ಣಲ್ಲಿದ್ದರೆ? ಇವತ್ತಿನ ದೂರು ಗುಂಗುರು ಮೇಲೆ. ಅವಳು ಮೆಟ್ಟಿಲು ಹತ್ತಿ ಕೂತರೆ ಇಳಿಯುವುದೇ ಇಲ್ಲವಂತೆ. "ಯಾರೂ ಇಳಿದೇ ಇದ್ರೆ ನಾನು ಯಾರನ್ನ ಹಿಡೀಲಿ ಮಾಮ?" ಎಂದು ಸೋಡಾಬುಡ್ಡಿ ಅಳುಮುಖ ಮಾಡಿದ. ಅಕ್ಕ ಒಳಗಿಂದಲೇ, ಒಂದೇ ಕಲ್ಲಿನ ಮೇಲೆ ಬೇರು ಬಿಡೋ ಹಾಗಿಲ್ಲ, ಮೂರು ಸಲ ಉಸಿರು ತಗೊಂಡು ಇಳೀಬೇಕು ಎಂದು ತೀರ್ಪು ಕೊಟ್ಟಳು. ಗೂಡ್ಸ್ ಶೆಡ್ಡಿನ ಕಾನೂನು ಅದು, ನಾನು ಮರೆತೇಬಿಟ್ಟಿದ್ದೆ.

ಓಡುವ ಸದ್ದಿಗೆ ಪಾದ ಈಗಲೂ ಬ್ರೇಕು ಹುಡುಕುತ್ತದೆ. ಯಾರಾದರೂ ನನ್ನ ಕಡೆಗೆ ಓಡಿಬಂದರೆ ಕಣ್ಣು ಬೇರೆ ಕಡೆ ತಿರುಗಿಸುತ್ತೇನೆ. ಮೇಡಂಗೆ ಈಗಲೇ ಫೋನು ಮಾಡಿ ಹೇಳಿಬಿಡಲೇ ಎಂದುಕೊಂಡೆ, ಆಮೇಲೆ ರಜಾ ದಿನ ತೊಂದರೆ ಕೊಡುವುದು ಬೇಡವೆಂದು ಬಿಟ್ಟೆ.

ಸೆಪ್ಟೆಂಬರ್ 3, ಭಾನುವಾರ

ಮಲಗುವ ಹೊತ್ತು ಮೀರಿದೆ. ಆದರೂ ಬರೆಯಬೇಕು.

ಗುಂಗುರುವಿನ ತಂಗಿ ಒಬ್ಬಳಿದ್ದಾಳೆ, ಗುಬ್ಬಿ. ಇನ್ನೂ ಶಾಲೆಗೆ ಹೋಗದವಳು. ಅವಳನ್ನು ಆಟಕ್ಕೆ ಸೇರಿಸಿಕೊಳ್ಳುತ್ತಾರೆ, ಆದರೆ ಮುಟ್ಟಿದರೂ ಔಟಿಲ್ಲ. ಇವತ್ತು ಅವಳು ಓಣಿಯ ನಡುವೆ ಕೂತು ರಂಪ ಮಾಡಿದಳು, ನನ್ನನ್ನೂ ಲೆಕ್ಕಕ್ಕೆ ಇಡಿ ಎಂದು. ಅವಳ ಕಷ್ಟ ನನಗಲ್ಲದೆ ಇನ್ನಾರಿಗೆ ಗೊತ್ತು? ಇವತ್ತಿನಿಂದ ಅವಳೂ ಲೆಕ್ಕಕ್ಕೆ ಎಂದು ನಾನೇ ಹೇಳಿದೆ.

ಸೋಡಾಬುಡ್ಡಿ ಔಟು, ಮಣ್ಣು ಅವನದು. ಗುಬ್ಬಿ ಚಪ್ಪಡಿಯಿಂದ ಇಳಿದಳು. ಅವನು ಹಿಂದೆ ಬಿದ್ದ, ಈ ಸಲ ನಿಜವಾಗಿ. ಅವಳು ಓಡಿದಳು. ಕತ್ತು ಹಿಂದಕ್ಕೆ ತಿರುಗಿಸಿ ಅವನನ್ನೇ ನೋಡುತ್ತ, ಬಾಯಿ ತುಂಬ ನಗುತ್ತ, ನೇರ ನನ್ನ ಕಡೆಗೇ ಓಡಿಬಂದಳು. ನನಗೆ ಕಣ್ಣು ತಿರುಗಿಸಲು ಆಗಲಿಲ್ಲ. ಎಡಗಾಲು ನೆಲವನ್ನು ಒತ್ತಿ ಹಿಡಿದಿತ್ತು, ಎರಡೂ ಕೈ ಕುರ್ಚಿಯ ತೋಳನ್ನು ಹಿಡಿದಿದ್ದವು. ಅವಳು ಬಂದು ನನ್ನ ಪ್ಲಾಸ್ಟರಿಗೆ ಬಡಿದು, ಎರಡು ಕೈಯಿಂದ ಅದನ್ನು ತಬ್ಬಿಕೊಂಡು, "ಕಲ್ಲು" ಎಂದಳು.

ಎಲ್ಲರೂ ಓಡಿಬಂದರು. ಸೋಡಾಬುಡ್ಡಿ ಸುಮ್ಮನೆ ಬಿಡುವವನಲ್ಲ.

"ಮಾಮ, ಇದು ಕಲ್ಲಲ್ಲ. ಕಲಸಿ ಹಾಕಿದ್ದೆಲ್ಲ ಮಣ್ಣು ಅಂತ ನೀವೇ ಹೇಳಿದ್ರಿ. ಪ್ಲಾಸ್ಟರ್ನೂ ಕಲಸೇ ಹಾಕೋದು. ಅವಳು ಔಟು."

ಹುಡುಗ ಹೇಳಿದ್ದು ಅಕ್ಷರಶಃ ಸರಿ. ಗುಬ್ಬಿ ಕಾಲು ಬಿಡದೆ ತಲೆಯೆತ್ತಿ ನನ್ನ ಮುಖ ನೋಡಿದಳು. ಏದುಸಿರು ಬಿಡುತ್ತಿದ್ದಳು, ಅದರ ಬಿಸಿ ನನ್ನ ಮೊಣಕಾಲಿಗೆ ತಾಗುತ್ತಿತ್ತು.

"ಇದು ಕಲ್ಲು" ಎಂದೆ. "ಅವಳು ಔಟಲ್ಲ. ನಾನ್ ಹೇಳ್ತಿದೀನಿ."

ಮೋಸ, ಮೋಸ ಎಂದು ಸೋಡಾಬುಡ್ಡಿ ಕನ್ನಡಕ ತೆಗೆದು ಒರೆಸಿಕೊಂಡ. ನನ್ನ ಕಾನೂನನ್ನು ನಾನೇ ಮುರಿದೆ, ನಿಜ. ಅಕ್ಕ ಓಡಿಬಂದು ಕಾಲಿಗೆ ಏನಾಯಿತು ಎಂದು ನೋಡಿದಳು, ಆಮೇಲೆ ನನ್ನ ಮುಖ ನೋಡಿ ನೀರು ತಂದುಕೊಟ್ಟಳು. ಮಕ್ಕಳ ಮುಂದೆಯೇ ಅತ್ತುಬಿಟ್ಟಿದ್ದೆ. ಕಾಲು ನೋವಿಗೆ ಎಂದುಕೊಂಡಿರುತ್ತಾರೆ.

ಸೆಪ್ಟೆಂಬರ್ 4, ಸೋಮವಾರ

ಕಾಲು ಚೆನ್ನಾಗಿಯೇ ನೋಯುತ್ತಿದೆ. ನಿದ್ದೆ ಮಾತ್ರ ಬೆಳಗಿನವರೆಗೂ ಒಂದೇ ಸಮ ಬಂದಿತ್ತು.

ಸೆಪ್ಟೆಂಬರ್ 10, ಭಾನುವಾರ

ಕಂಡಕ್ಟರು ಬಂದವನು ನನ್ನ ಸ್ಥಿತಿ ನೋಡಿ ಬಾಗಿಲಲ್ಲೇ ನಿಂತ. ಪ್ಲಾಸ್ಟರಿಗೆ ಇಬ್ಬರು ಮಕ್ಕಳು ಜೋತುಬಿದ್ದಿದ್ದರು. ನಾನು ಈಗ ಓಣಿಯ ಅಧಿಕೃತ ಕಲ್ಲು. ಮೂರು ಉಸಿರಿನ ಕಾನೂನು ನನಗೂ ಅನ್ವಯ, ಅದಕ್ಕಿಂತ ಹೆಚ್ಚು ಹೊತ್ತು ಯಾರೂ ಹಿಡಿದುಕೊಂಡಿರುವ ಹಾಗಿಲ್ಲ. ಕಂಡಕ್ಟರು ಒಂದು ಆಟ ಆಡಿ, ಹೊಟ್ಟೆ ಹೊತ್ತುಕೊಂಡು ಓಡಲಾಗದೆ ಮೊದಲನೇ ಸುತ್ತಿಗೇ ಔಟಾದ.

ಟೀ ಕುಡಿಯುವಾಗ ಅವನಿಗೆ ಟೈಂಕೀಪರನ ವಿಷಯ ಹೇಳಿದೆ. ಅವನ ಮುಖ ಇಳಿದುಹೋಯಿತು. ನಿನ್ನಿಷ್ಟ ಗುರುವೇ ಎಂದಷ್ಟೇ ಅಂದು ಹೊರಟ. ಅಡುಗೆಮನೆಯಲ್ಲಿದ್ದ ಅಕ್ಕನಿಗೂ ಕೇಳಿಸಿತು, ಅಲ್ಲಿಗೆ ಅವಳಿಗೂ ಹೇಳಿದ ಹಾಗಾಯಿತು.

ಅವನು ಹೋದ ಮೇಲೆ ಅವಳು ಗೂಡ್ಸ್ ಶೆಡ್ಡಿನ ಮಾತು ತೆಗೆದಳು. ಅವಳ ಓಟ ನಿಂತ ದಿನ ನನಗೂ ನೆನಪಿದೆ. ದೊಡ್ಡ ಹುಡುಗಿ, ಗಂಡುಮಕ್ಕಳ ಜೊತೆ ಇನ್ನೇನು ಓಟ ಎಂದು ಅಮ್ಮ ಅಂಗಳಕ್ಕೇ ಬಂದು ಕರೆದಿದ್ದಳು. ಮರುದಿನದಿಂದ ಅಕ್ಕ ಶೆಡ್ಡಿನ ಎತ್ತರದ ಕಲ್ಲಿನ ಮೇಲೆ ಕೈಯಲ್ಲಿ ಯಾವುದೋ ಹೊಲಿಗೆ ಹಿಡಿದು ಕೂರುತ್ತಿದ್ದಳು. ನಾವು ಕೆಳಗೆ ಆಡುತ್ತಿದ್ದೆವು. ಯಾರು ಔಟು, ಯಾರಿಲ್ಲ ಎಂದು ಅವಳು ಮೇಲಿಂದ ಹೇಳುತ್ತಿದ್ದಳು, ಅವಳ ಮಾತಿಗೆ ಎದುರಿರಲಿಲ್ಲ. ನನಗೆ ಅದೇನೋ ದೊಡ್ಡ ಪದವಿಯೆಂದು ಕಾಣುತ್ತಿತ್ತು. ನಿನಗೆ ಅಲ್ಲಿ ಕೂರುವುದು ಇಷ್ಟವಿತ್ತಲ್ಲವಾ ಎಂದು ಇವತ್ತು ಕೇಳಿದೆ.

ಅಕ್ಕ ದಾರವನ್ನು ಹಲ್ಲಿನಿಂದ ಕಡಿದಳು.

"ನನ್ನನ್ನ ಕೂರಿಸಿದ್ರು ಕಣೋ ಮರಿ. ನಾನಾಗಿ ಹೋಗಿ ಕೂರಲಿಲ್ಲ. ದಿನಾ ಅಂಗಾಲು ಉರೀತಿತ್ತು ನಂಗೆ, ಇಳಿಯೋಕೆ. ನಿನ್ನನ್ನ ಯಾರೋ ಕೂರಿಸ್ತಿದಾರಾ? ನೀನಾಗಿ ಹೋಗಿ ಕೂರ್ತೀನಿ ಅಂತಿದೀಯ."

ನನಗೆ ಕೋಪ ಬಂತು. ಬಸ್ಸು ಓಡಿಸುವುದು ಮಕ್ಕಳಾಟವಲ್ಲ ಎಂದೆ. ಅಲ್ಲ ಎಂದು ಅವಳೂ ಒಪ್ಪಿದಳು. ಒಪ್ಪಿದ್ದಕ್ಕೆ ಇನ್ನಷ್ಟು ಕೋಪ ಬಂತು. ರಾತ್ರಿ ಊಟ ಮಾತಿಲ್ಲದೆ ಮುಗಿಯಿತು.

ಸೆಪ್ಟೆಂಬರ್ 11, ಸೋಮವಾರ

ಮಾತಾಡಿಲ್ಲ.

ಸೆಪ್ಟೆಂಬರ್ 12, ಮಂಗಳವಾರ

ಮಾತಾಡಿಲ್ಲ. ಅವಳು ಮಾತ್ರ ಏನೂ ಆಗಿಲ್ಲವೆಂಬಂತೆ ಮಾತಾಡುತ್ತಲೇ ಇದ್ದಾಳೆ. ಇವಳ ಜೊತೆ ಜಗಳವಾಡಲೂ ಆಗುವುದಿಲ್ಲ.

ಸೆಪ್ಟೆಂಬರ್ 22, ಶುಕ್ರವಾರ

ಪ್ಲಾಸ್ಟರು ತೆಗೆದರು. ಒಳಗಿಂದ ಹೊರಬಿದ್ದ ಕಾಲು ನನ್ನದೆಂದು ನಂಬಲು ಕಷ್ಟ. ಬಿಳಿಚಿಕೊಂಡು, ಬಡಕಲಾಗಿ, ಬೇರೆ ಯಾರದೋ ಕಾಲು ತಪ್ಪಿ ಜೋಡಿಸಿದಂತಿದೆ. ಮೂಳೆ ಕೂಡಿದೆ, ನಡೆದು ನಡೆದು ಬಲ ತುಂಬಿಸಿಕೊಳ್ಳಿ, ಗಾಡಿ ಓಡಿಸಲು ತೊಂದರೆಯಿಲ್ಲ ಎಂದರು ಡಾಕ್ಟರು. ನಾನು ಓಡಿಸುವುದಿಲ್ಲ ಎನ್ನಲು ಹೋದೆ, ಅಷ್ಟರಲ್ಲಿ ಅವರು ಮುಂದಿನವರನ್ನು ಕರೆದಾಗಿತ್ತು.

ಓಣಿಯ ಸಮಿತಿ ಕಾಲನ್ನು ಪರೀಕ್ಷೆ ಮಾಡಿತು. ಗುಬ್ಬಿ ಬೆರಳಿನಿಂದ ಒತ್ತಿ ನೋಡಿ, ಮೆತ್ತಗಿದೆ ಎಂದು ಬೇಸರಪಟ್ಟಳು. ಸೋಡಾಬುಡ್ಡಿ ಮಾತ್ರ ಖುಷಿಯಲ್ಲಿದ್ದ. "ಈಗ ನೀವು ಕಲ್ಲಲ್ಲ ಮಾಮ. ನಿಮ್ಮನ್ನೂ ಔಟ್ ಮಾಡಬಹುದು" ಎಂದ. ಎಷ್ಟು ದಿನದಿಂದ ಕಾಯುತ್ತಿದ್ದನೋ.

ಅಕ್ಟೋಬರ್ 8, ಭಾನುವಾರ

ಕೋಲು ಹಿಡಿದು ಓಣಿಯ ಆ ತುದಿಗೆ ಹೋಗಿ ಬರುತ್ತೇನೆ, ದಿನಾ ಬೆಳಿಗ್ಗೆ, ಸಂಜೆ. ಇವತ್ತು ಸಂಜೆಯ ನಡಿಗೆಯಲ್ಲಿದ್ದಾಗ ಹಿಂದಿನಿಂದ ಬಂದ ಸೋಡಾಬುಡ್ಡಿ ನನ್ನ ಬೆನ್ನು ಮುಟ್ಟಿ, ಔಟು ಎಂದ. ಆಟದಲ್ಲಿ ಇಲ್ಲ ಎಂದು ನಾನು ಹೇಳುವಷ್ಟರಲ್ಲಿ ಎಲ್ಲರೂ ಸುತ್ತ ನಿಂತಿದ್ದರು. ಕಲ್ಲು ಬೇಕಾ, ಮಣ್ಣು ಬೇಕಾ?

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ನನಗೆ ಕೇಳಿರಲಿಲ್ಲ. ಗೂಡ್ಸ್ ಶೆಡ್ಡಿನಲ್ಲಿ ನಾನು ಲೆಕ್ಕಕ್ಕೆ ಬರುವ ವಯಸ್ಸಾಗುವಷ್ಟರಲ್ಲಿ ಅಪ್ಪನಿಗೆ ವರ್ಗವಾಗಿತ್ತು. ಮಣ್ಣು ಎಂದೆ.

ಕೋಲೂರಿಕೊಂಡು ಯಾರನ್ನು ಹಿಡಿಯಲಿ? ಎಲ್ಲರೂ ಇಳಿದು ಬಂದು ಮೂಗಿನ ಮುಂದೆ ಕುಣಿದರು. ಗುಬ್ಬಿ ಬೇಕೆಂದೇ ನಿಧಾನ ಓಡಿದಳು, ಅವಳನ್ನು ಮುಟ್ಟಲು ನನಗೆ ಮನಸ್ಸು ಬರಲಿಲ್ಲ. ಆಗ ಅಕ್ಕ ಹೊರಗೆ ಬಂದಳು. ಚಪ್ಪಲಿ ಬಿಟ್ಟಳು. ಮೆಟ್ಟಿಲಿನ ಅಂಚಿಗೆ ಬಂದು ಒಂದು ಹೆಬ್ಬೆರಳು ಕಲ್ಲಿನ ಮೇಲಿಟ್ಟು, ಉಳಿದ ಮೈಯೆಲ್ಲ ನನ್ನ ಕಡೆ ಬಗ್ಗಿಸಿ ನಿಂತಳು. ನಾನು ಕೈ ಚಾಚಿದೆ. ಅವಳು ಇಳಿದೇಬಿಟ್ಟಳು. ತಲೆ ಪೂರ್ತಿ ನೆರೆತ ನನ್ನ ಅಕ್ಕ ಓಣಿಗೆ ಅಡ್ಡಲಾಗಿ ಓಡಿದಳು, ನಾನು ಹಿಂದೆ. ಕೋಲು ಎಲ್ಲಿ ಬಿತ್ತೋ ಗೊತ್ತಿಲ್ಲ. ಅವಳು ನರ್ಸಮ್ಮನ ಮೆಟ್ಟಿಲು ಹತ್ತಿ, ಗೋಡೆಗೆ ಒರಗಿ, ಸೊಂಟ ಹಿಡಿದುಕೊಂಡು, ಉಸಿರಿಲ್ಲದೆ ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ನೋಡಿ ನಲವತ್ತು ವರ್ಷಗಳಾದರೂ ಆಗಿರಬೇಕು.

ರಾತ್ರಿ ಇಬ್ಬರೂ ಒಂದೇ ಮುಲಾಮು ಹಚ್ಚಿಕೊಂಡೆವು. ಅವಳಿಗೆ ಸೊಂಟಕ್ಕೆ, ನನಗೆ ಕಾಲಿಗೆ.

ಅಕ್ಟೋಬರ್ 27, ಶುಕ್ರವಾರ

ಮೇಡಂ ಫೋನು ಮಾಡಿದ್ದರು. ಟೈಂಕೀಪರನ ಜಾಗ ನನಗೇ ಇಟ್ಟಿದ್ದಾರಂತೆ, ಹೂಂ ಎಂದರೆ ಇವತ್ತೇ ಆರ್ಡರು. ನಾನು ಹೂಂ ಎನ್ನಲು ಬಾಯಿ ತೆರೆದವನು, "ನನ್ನ ರೂಟು ಖಾಲಿ ಇದೆಯಾ ಮೇಡಂ?" ಎಂದುಬಿಟ್ಟೆ. ಆ ಕಡೆ ರಿಜಿಸ್ಟರಿನ ಹಾಳೆ ತಿರುವಿದ ಸದ್ದು ಕೇಳಿಸಿತು. ಆಮೇಲೆ, "ಇದೆ. ಯಾವಾಗ ಬರ್ತೀರಾ?" ಎಂದರು.

ಯೋಚಿಸಿ ನೋಡಿದರೆ ಆ ಟೈಂಕೀಪರನ ಕೋಣೆಗೆ ಕಿಟಕಿಯೇ ಇಲ್ಲ. ಫ್ಯಾನು ಗರಗರ ಎನ್ನುತ್ತದೆ. ದಿನವಿಡೀ ಬೇರೆಯವರು ತಡವಾಗಿ ಬಂದ ಕಾರಣ ಕೇಳುತ್ತ ಕೂರಬೇಕು. ನನಗೆ ಅದೆಲ್ಲ ಸರಿಹೋಗುವುದಿಲ್ಲ. ಅದಕ್ಕೇ ಬೇಡ ಎಂದದ್ದು, ಬೇರೇನಿಲ್ಲ.

ಅಕ್ಕನಿಗೆ ಹೇಳಿದೆ. ಹೌದಾ ಎಂದು ಹೊಲಿಗೆ ಮುಂದುವರಿಸಿದಳು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಯಂತ್ರ ಓಡುತ್ತಿತ್ತು, ಅದರಲ್ಲಿ ಬಟ್ಟೆ ಇರಲಿಲ್ಲ.

ನವೆಂಬರ್ 5, ಭಾನುವಾರ

ಅಕ್ಕ ಹೊರಟಳು. ಅವಳ ಎಂಟು ದಿನ ಕೊನೆಗೂ ಮುಗಿಯಿತು. ಊರಲ್ಲಿರುವ ಮೊಮ್ಮಕ್ಕಳಿಗೂ ಕಲ್ಲು-ಮಣ್ಣು ಕಲಿಸಬೇಕಂತೆ. ಓಣಿಯ ಮಕ್ಕಳೆಲ್ಲ ಸೇರಿ ಹೊಲಿಗೆ ಯಂತ್ರವನ್ನು ಗಾಡಿಯವರೆಗೆ ಹೊತ್ತರು. ಅವಳು ಹೋದ ಮೇಲೆ ಮನೆ ಭಣಗುಟ್ಟುತ್ತಿತ್ತು, ಅದಕ್ಕೇ ಕತ್ತಲಾಗುವವರೆಗೂ ಹೊರಗೇ ಇದ್ದೆ.

ನವೆಂಬರ್ 13, ಸೋಮವಾರ

ಮೊದಲ ದಿನ. ಹೊಸ ಡ್ರೈವರು ನನ್ನ ಬಸ್ಸಿಗೆ ಮಾಡಿದ ಅನ್ಯಾಯ ಒಂದೆರಡಲ್ಲ. ಸೀಟು ಮುಂದಕ್ಕೆಳೆದು ಮೊಣಕಾಲು ಎದೆಗೆ ಬರುವ ಹಾಗೆ ಇಟ್ಟಿದ್ದಾನೆ, ಕನ್ನಡಿಯಲ್ಲಿ ಆಕಾಶ ಕಾಣುತ್ತದೆ, ಎರಡನೇ ಗೇರು ಬೇಡಿಕೊಂಡರೂ ಬೀಳುವುದಿಲ್ಲ. ಡಿಪೋದಿಂದ ಹೊರಡುವುದೇ ತಡವಾಯಿತು. ಕಂಡಕ್ಟರು ಎಲ್ಲ ಪ್ರಯಾಣಿಕರಿಗೂ, ಇವತ್ತು ನಮ್ಮ ಗುರು ಬಂದಿದಾರೆ, ಗಟ್ಟಿಯಾಗಿ ಹಿಡ್ಕೊಳ್ಳೋದು ಬೇಡ ಎಂದು ಸಾರಿ ನನ್ನ ಮಾನ ಕಳೆದ.

ಮುಂದೆ ಆ ಶಾಲೆಯ ಪಕ್ಕದ ಓಣಿ ಕಾಣಿಸಿತು. ದೂರದಿಂದಲೇ ನಿಧಾನ ಮಾಡಿದೆ. ಇಬ್ಬರು ಹುಡುಗಿಯರು ರಸ್ತೆಗೆ ಇಳಿದರು. ನಿಲ್ಲಿಸಿದೆ. ಏನೋ ಜೋರು ವಾದ ನಡೆಯುತ್ತಿತ್ತು ಅವರೊಳಗೆ, ಬಸ್ಸಿನ ಮುಂದೆಯೇ ರಸ್ತೆಯ ನಡುವೆ ನಿಂತು ಒಬ್ಬಳು ಕೈ ಬೀಸಿ ಬೀಸಿ ಏನನ್ನೋ ವಿವರಿಸಿದಳು, ಇನ್ನೊಬ್ಬಳು ಕಾಲುಚೀಲ ಎಳೆದುಕೊಂಡಳು. ಹಿಂದಿನ ಸೀಟಿನಿಂದ ಯಾರೋ ಹಾರನ್ ಹೊಡೀರಿ ಎಂದರು. ನಾನು ಹೊಡೆಯಲಿಲ್ಲ. ಕಾಲು ಬ್ರೇಕಿನ ಮೇಲೆ ಇತ್ತು, ನೋಯುತ್ತಿರಲಿಲ್ಲ. ವಾದ ಮುಗಿಸಿ ಅವರು ಆ ಕಡೆ ದಾಟಿದರು. ಇಷ್ಟು ದೊಡ್ಡ ಬಸ್ಸು, ಅದರೊಳಗೆ ನಾನು, ಒಂದು ಸಲವೂ ಅವರು ಈ ಕಡೆ ತಿರುಗಿ ನೋಡಲಿಲ್ಲ. ನಾನು ನಿಲ್ಲುತ್ತೇನೆ ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ.

ಕಂಡಕ್ಟರು ರೈಟ್ ಎಂದ. ಎರಡನೇ ಗೇರಿನ ವಿಷಯ ನಾಳೆ ಮೆಕ್ಯಾನಿಕ್ಕಿಗೆ ಹೇಳಬೇಕು.